ಆಷಾಢದ ಗಾಳಿಗೆ ಹಾಯಿ ಕಟ್ಟುವವರು

ಆಷಾಢ ಹಿಡಿಯಿತೆಂದರೆ ರಾಜಾಜಿನಗರದ ಮಹಡಿಗಳ ಮೇಲೆ ಒಣಹಾಕಿದ ಪ್ರತಿ ಬಟ್ಟೆಗೂ ಎರಡೆರಡು ಕ್ಲಿಪ್ಪು ಬೇಕಾಗುತ್ತದೆ. ಬಸವೇಶ್ವರನಗರದ ಹುಡುಗರು ಸೂತ್ರ ಕಟ್ಟಿದ ಪಟ ಹಿಡಿದು ಟೆರೇಸು ಹತ್ತುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಗಾಳಿಪಟದ ಉತ್ಸವವೇ ನಡೆಯುತ್ತದೆ. ಅರಬ್ಬಿ ಸಮುದ್ರದಿಂದ ಹೊರಟು, ಘಟ್ಟ ಹತ್ತಿ, ಮಳೆಯ ಬಹುಪಾಲನ್ನು ಅಲ್ಲೇ ಸುರಿಸಿ ಬರುವ ಈ ಪಡುವಣ ಗಾಳಿ ಬೆಂಗಳೂರಿನಲ್ಲಿ ಮೊದಲು ಮುಟ್ಟುವುದು ಕೆಂಗೇರಿಯಿಂದ ವಿಜಯನಗರದವರೆಗಿನ ನಮ್ಮ ಬಡಾವಣೆಗಳನ್ನೇ. ಮಳೆ ಕೈಕೊಟ್ಟ ವರ್ಷವೂ ಗಾಳಿ ಬರುತ್ತದೆ. ಈ ಗಾಳಿಗಾಗಿ ವರ್ಷವಿಡೀ ಕಾಯುವ ಇನ್ನೊಂದು ಗುಂಪಿದೆ. ಗಾಳಿ ಆಂಜನೇಯನ ಗುಡಿ ದಾಟಿ ಮೈಸೂರು ರಸ್ತೆ ಹಿಡಿದು, ಶ್ರೀರಂಗಪಟ್ಟಣದ ಬಳಿ ತಿರುಗಿ, ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್‌ನ, ಹಿನ್ನೀರಿಗೆ ಹೋಗಿ ಹಾಯಿದೋಣಿ ನಡೆಸುವವರು.

ಹಾಯಿ ಎಂದೊಡನೆ ನಮಗೆ ಕಡಲು ನೆನಪಾಗುತ್ತದೆ. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಹೆಂಚು ಹೊತ್ತು ಹೋಗುತ್ತಿದ್ದ ಮಂಜಿ ಎಂಬ ಹಾಯಿದೋಣಿಗಳನ್ನು ಕಂಡವರು ಇಂದಿಗೂ ಕರಾವಳಿಯಲ್ಲಿದ್ದಾರೆ. ಬಯಲುಸೀಮೆಯ ನಮಗೆ ಹರಿಗೋಲು ಗೊತ್ತು, ತೆಪ್ಪ ಗೊತ್ತು. ಹಾಯಿ ಮಾತ್ರ ದೂರದ ಸಂಗತಿ ಅನ್ನಿಸುತ್ತದೆ. ಆದರೆ ಹಾಯಿದೋಣಿಗೆ ಬೇಕಾದದ್ದು ಎರಡೇ: ಅಗಲವಾದ ನೀರು, ತಡೆಯಿಲ್ಲದ ಗಾಳಿ. ಉಪ್ಪುನೀರೇ ಆಗಬೇಕೆಂದಿಲ್ಲ. ಕೆಆರ್‌ಎಸ್ ಹಿನ್ನೀರಿನ ದಂಡೆಯಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಇದೆ. ಮಕ್ಕಳಿಗೂ ದೊಡ್ಡವರಿಗೂ ಅಲ್ಲಿ ಹಾಯಿ ನಡೆಸುವುದನ್ನು ಕಲಿಸುತ್ತಾರೆ. ದೇಶದ ಬೇರೆ ಬೇರೆ ಕಡೆಯ ಎಳೆಯರು ಬಂದು ಸೇರುವ ಸ್ಪರ್ಧೆಗಳೂ ಆ ನೀರಿನಲ್ಲಿ ನಡೆದಿವೆ. ಬೆಂಗಳೂರಿನ ಒಳಗೇ, ಹಲಸೂರು ಕೆರೆಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪ್ ಸೈನಿಕರ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಭಾರತೀಯ ಸೇನೆಯ ಎಂಜಿನಿಯರುಗಳ ಒಂದು ತಂಡ 1985ರಲ್ಲಿ ಮುಂಬಯಿಯಿಂದ ಹೊರಟು, ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ 1987ರ ಜನವರಿಯಲ್ಲಿ ಮರಳಿತು. ಆ ದೋಣಿಯ ಹೆಸರೂ ತೃಷ್ಣಾ. ಹಾಗೆ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯ ತಂಡ ಅದು.

ನಮ್ಮ ಪಶ್ಚಿಮ ಬೆಂಗಳೂರಿನವರು ಇಷ್ಟು ದೂರ ಹೋಗಬೇಕಾದದ್ದೇಕೆ ಎಂದು ಯಾರಾದರೂ ಕೇಳಿದರೆ, ಉತ್ತರ ನಮ್ಮ ಬಸ್ ನಿಲ್ದಾಣಗಳ ಹೆಸರಿನಲ್ಲೇ ಇದೆ. ಮಾರೇನಹಳ್ಳಿ, ಸಾಣೆಗುರುವನಹಳ್ಳಿ, ಶಿವನಹಳ್ಳಿ, ಕಾಮಾಕ್ಷಿಪಾಳ್ಯ, ಕುರುಬರಹಳ್ಳಿ: ಇವೆಲ್ಲ ಒಂದೊಂದು ಕೆರೆಯಿದ್ದ ಊರುಗಳು. ಆ ಕೆರೆಗಳ ಅಂಗಳ ಈಗ ಬಡಾವಣೆ, ಆಟದ ಮೈದಾನ, ಕಟ್ಟಡಗಳಾಗಿವೆ. ಮೈಸೂರು ರಸ್ತೆಯ ಪಕ್ಕದಲ್ಲೇ ಹರಿಯುವ ವೃಷಭಾವತಿಯ ಬಣ್ಣ, ವಾಸನೆಯನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಉಳಿದುಕೊಂಡಿರುವ ಮಲ್ಲತ್ತಹಳ್ಳಿ, ಉಳ್ಳಾಲ, ಕೆಂಗೇರಿ ಕೆರೆಗಳನ್ನು ಕಾಪಾಡಿಕೊಳ್ಳುವುದೇ ಅಲ್ಲಿನ ನಿವಾಸಿಗಳಿಗೆ ದೊಡ್ಡ ಹೋರಾಟವಾಗಿದೆ. ಕರ್ನಲ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ ಮಲ್ಲೇಶ್ವರದ ಬದಿಯ ಕೆರೆ ನಮಗೆ ಹತ್ತಿರದ್ದು ನಿಜ; ಆದರೆ ಮರ, ಕಟ್ಟಡಗಳ ನಡುವೆ ಅಲ್ಲಿ ಗಾಳಿ ಒಂದೇ ದಿಕ್ಕಿನಿಂದ ಬರುವುದಿಲ್ಲ. ಹಾಗಾಗಿ ನಮಗೆ ದೊಡ್ಡ ನೀರು ಎಂದರೆ ಕಾವೇರಿಯದೇ.

ಕಾವೇರಿಯೂ ನಮಗೆ ಹೊರಗಿನವಳಲ್ಲ. ವಿಜಯನಗರದ ನಲ್ಲಿಯಲ್ಲಿ ದಿನ ಬಿಟ್ಟು ದಿನ ಬರುವ ನೀರಿನ ಮೂಲ ಕನ್ನಂಬಾಡಿಯೇ. ಅಲ್ಲಿಂದ ನದಿಗೆ ಬಿಟ್ಟ ನೀರನ್ನು ಶಿವ ಅಣೆಕಟ್ಟೆಯಲ್ಲಿ ತಿರುಗಿಸಿ, ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಸುಮಾರು 100 ಕಿಲೋಮೀಟರ್ ದೂರಕ್ಕೆ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ನಮ್ಮ ಮನೆಗೆ ತರುತ್ತಾರೆ. 1974ರಿಂದ ಹೀಗೆ ಬರುತ್ತಿದೆ. ನಾವು ಕುಡಿಯುವ ನೀರನ್ನು ಒಮ್ಮೆ ಹತ್ತಿರದಿಂದ ನೋಡಿ, ಅದರ ಮೇಲೆ ತೇಲಿ, ಅದರ ಏರಿಳಿತ ಬಲ್ಲವರಾಗುವುದು ಈ ನಗರದ ಮಕ್ಕಳಿಗೆ ಸಿಗಬೇಕಾದ ಶಿಕ್ಷಣ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮ್ಯಾಪಿನ ಮೇಲೆ ಬೆರಳಿಟ್ಟು ತೋರಿಸಿದರೆ ಅದು ತಿಳಿಯುವುದಿಲ್ಲ.

ಗಾಳಿ ಒಂದು ಕಡೆಗೆ ಬೀಸುವಾಗ ದೋಣಿ ಅದಕ್ಕೆ ಎದುರು ಹೇಗೆ ಹೋಗುತ್ತದೆ? ಹೊಸಬರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಪಟ ಹಾರಿಸಿದವರಿಗೆ ಅರ್ಧ ಉತ್ತರ ಆಗಲೇ ಗೊತ್ತಿರುತ್ತದೆ. ಸೂತ್ರ ಹರಿದ ಪಟ ಗಾಳಿ ಹೋದ ಕಡೆಗೆ ಹಾರಿಹೋಗಿ ಬೀಳುತ್ತದೆ. ಸೂತ್ರ ಹಿಡಿದಿರುವಷ್ಟು ಹೊತ್ತು ಮಾತ್ರ ಅದು ಗಾಳಿಗೆ ಓರೆಯಾಗಿ ನಿಂತು ಮೇಲಕ್ಕೇರುತ್ತದೆ. ದೋಣಿಯಲ್ಲಿ ಸೂತ್ರದ ಕೆಲಸ ಮಾಡುವುದು ನಡುವಿನ ಸೀಳಿನಿಂದ ನೀರಿಗಿಳಿಯುವ ಒಂದು ಹಲಗೆ. ಕ್ಲಬ್ಬಿನವರು ಇದನ್ನು ಡ್ಯಾಗರ್‌ಬೋರ್ಡು ಎನ್ನುತ್ತಾರೆ. ಗಾಳಿ ಹಾಯಿಯನ್ನು ಪಕ್ಕಕ್ಕೂ ಮುಂದಕ್ಕೂ ತಳ್ಳುತ್ತದೆ. ನೀರಿನೊಳಗಿನ ಹಲಗೆ ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. ಉಳಿಯುವುದು ಮುಂದಕ್ಕೆ ಹೋಗುವ ಬಲ. ಬಾಗಿದ ಹಾಯಿಯ ಎರಡು ಬದಿಗಳಲ್ಲಿ ಗಾಳಿಯ ಒತ್ತಡ ಬೇರೆ ಬೇರೆಯಾಗಿ, ವಿಮಾನದ ರೆಕ್ಕೆಗೆ ಸಿಗುವ ಎತ್ತುಬಲವೇ ಇಲ್ಲಿ ದೋಣಿಯನ್ನು ಎಳೆಯುತ್ತದೆ. ಹಾಗೆಂದು ಗಾಳಿಗೆ ನೇರ ಎದುರಾಗಿ ಹೋಗಲು ಆಗದು. ಎರಡೂ ಬದಿಗೆ ಸುಮಾರು 45 ಡಿಗ್ರಿಯಷ್ಟು ಜಾಗ ದೋಣಿಗೆ ನಿಷಿದ್ಧ. ಅದರೊಳಗೆ ಮೂತಿ ತಿರುಗಿಸಿದರೆ ಹಾಯಿ ಪಟಪಟ ಬಡಿದುಕೊಂಡು ದೋಣಿ ನಿಂತುಬಿಡುತ್ತದೆ. ಎದುರುಗಾಳಿಯ ಗುರಿ ಮುಟ್ಟಬೇಕೆಂದರೆ ಅಂಕುಡೊಂಕಾಗಿ, ಒಮ್ಮೆ ಎಡಗಾಳಿಗೆ ಒಮ್ಮೆ ಬಲಗಾಳಿಗೆ ತಿರುಗುತ್ತ ಹೋಗಬೇಕು. ಆ ತಿರುವಿಗೆ ಟ್ಯಾಕ್ ಎಂದು ಹೆಸರು. ಗಾಳಿ ಬೆನ್ನಿಗಿರುವಾಗ ತಿರುಗುವುದು ಜೈಬ್. ಜೈಬ್ ಮಾಡುವಾಗ ಹಾಯಿಯ ಅಡಿಯ ಅಡ್ಡಕೋಲು ದೋಣಿಯ ಈ ಬದಿಯಿಂದ ಆ ಬದಿಗೆ ರಭಸದಿಂದ ಹಾಯುತ್ತದೆ. ತಲೆ ತಗ್ಗಿಸುವುದನ್ನು ಹೊಸಬರು ಬೇಗ ಕಲಿಯುತ್ತಾರೆ.

ಸಮುದಾಯದ ಕ್ಲಬ್ಬೊಂದಕ್ಕೆ ದುಬಾರಿ ವಿಹಾರನೌಕೆಗಳು ಬೇಕಿಲ್ಲ. ಜಗತ್ತಿನಾದ್ಯಂತ ಮಕ್ಕಳು ಕಲಿಯುವ ದೋಣಿಯ ಹೆಸರು ಆಪ್ಟಿಮಿಸ್ಟ್. ಅದು ಹುಟ್ಟಿದ್ದು 1947ರಲ್ಲಿ ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ. ಬೇರೆ ಊರುಗಳ ಮಕ್ಕಳು ಇಳಿಜಾರಿನಲ್ಲಿ ಮರದ ಪೆಟ್ಟಿಗೆಯ ಗಾಡಿ ಓಡಿಸಿ ಪಂದ್ಯ ಆಡುತ್ತಿದ್ದರು; ಕ್ಲಿಯರ್‌ವಾಟರ್‌ನಲ್ಲಿ ಇಳಿಜಾರೇ ಇರಲಿಲ್ಲ, ನೀರಿತ್ತು. ನಮ್ಮ ಮಕ್ಕಳಿಗೆ ನೀರಿನ ಮೇಲೆ ಏನಾದರೂ ಮಾಡೋಣ ಎಂದು ಊರಿನ ಸೇವಾ ಸಂಘ ಯೋಚಿಸಿತು. ದೋಣಿ ಕಟ್ಟುವ ಕ್ಲಾರ್ಕ್ ಮಿಲ್ಸ್ ಎರಡು ಪ್ಲೈವುಡ್ ಹಾಳೆಗಳಲ್ಲಿ, 50 ಡಾಲರಿನ ಒಳಗೆ ಆಗುವಂಥ ಪುಟ್ಟ ದೋಣಿಯೊಂದರ ನಕ್ಷೆ ಮಾಡಿಕೊಟ್ಟ. ಅಪ್ಪ ಮಗ ಸೇರಿ ಮನೆಯ ಶೆಡ್ಡಿನಲ್ಲಿ ಕಟ್ಟಬಹುದಾದ ದೋಣಿ. ಇಂದು ಅದು ಫೈಬರಿನದು: 2.36 ಮೀಟರ್ ಉದ್ದ, 35 ಕಿಲೊ ತೂಕ, 3.3 ಚದರ ಮೀಟರ್ ಹಾಯಿ. ಮೂತಿ ಮೊಂಡು, ಹಾಯಿ ಚೌಕಾಕಾರಕ್ಕೆ ಹತ್ತಿರ. 15 ವರ್ಷ ತುಂಬುವವರೆಗೆ ಮಕ್ಕಳು ಅದರಲ್ಲಿ ಒಬ್ಬೊಬ್ಬರೇ ಕೂತು ಸ್ಪರ್ಧಿಸುತ್ತಾರೆ. ನನಗೆ ಈ ದೋಣಿಯ ಮೇಲೆ ಅಪಾರ ಅಭಿಮಾನ, ಏಕೆಂದರೆ ಎಂಟು ವರ್ಷದ ಮಗುವಿಗೆ ಒಂದು ಇಡೀ ವಾಹನದ ಹೊಣೆಯನ್ನು ಅದು ಒಪ್ಪಿಸುತ್ತದೆ. ಪಕ್ಕದಲ್ಲಿ ಅಪ್ಪನಿಲ್ಲ, ಅಮ್ಮನಿಲ್ಲ. ಚುಕ್ಕಾಣಿ ಒಂದು ಕೈಯಲ್ಲಿ, ಹಾಯಿಯ ಹಗ್ಗ ಇನ್ನೊಂದು ಕೈಯಲ್ಲಿ.

ಅದರ ಮೇಲಿನ ಹಂತ ಐಎಲ್‌ಸಿಎ, ಹಿಂದೆ ಲೇಸರ್ ಎನ್ನುತ್ತಿದ್ದರು. ಕೆನಡಾದ ಬ್ರೂಸ್ ಕಿರ್ಬಿ 1969ರಲ್ಲಿ ಫೋನಿನಲ್ಲಿ ಮಾತಾಡುತ್ತಲೇ ಗೀಚಿದ ಚಿತ್ರದಿಂದ ಬೆಳೆದ ದೋಣಿ. 4.23 ಮೀಟರಿನ ಒಂದೇ ಒಡಲಿಗೆ ಮೂರು ಅಳತೆಯ ಹಾಯಿ ಹಾಕಬಹುದು. ಹಗುರ ಮೈಯ ಹುಡುಗಿಗೆ ಚಿಕ್ಕದು, ಬಲಿಷ್ಠ ಯುವಕನಿಗೆ ದೊಡ್ಡದು. ಕ್ಲಬ್ಬಿನಲ್ಲಿ ಹತ್ತು ಒಡಲುಗಳಿದ್ದರೆ ಸಾಕು, ಮೂರು ವಯೋಮಾನದವರು ಸರದಿಯ ಮೇಲೆ ಬಳಸಬಹುದು. ಸ್ವಂತ ದೋಣಿ ಕೊಳ್ಳಲಾಗದ ಮನೆಯ ಮಕ್ಕಳಿಗೆ ಈ ಸರದಿಯೇ ಬಾಗಿಲು ತೆರೆಯುವುದು.

ಇನ್ನು ವರ್ಷದ ಲೆಕ್ಕ. ಜಲಾಶಯದ ಕ್ಲಬ್ಬಿಗೆ ಜನವರಿಯಿಂದ ಡಿಸೆಂಬರ್ ಎಂಬ ಕ್ಯಾಲೆಂಡರ್ ಹೊಂದುವುದಿಲ್ಲ. ಕಟ್ಟೆಯ ಮಟ್ಟವೇ ಅದರ ಪಂಚಾಂಗ. ಕನ್ನಂಬಾಡಿಯ ಪೂರ್ಣ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಪತ್ರಿಕೆಯ ಮೂಲೆಯಲ್ಲಿ ದಿನವೂ ಬರುವ ಈ ಅಂಕಿಗಳನ್ನು ಮಂಡ್ಯದ ರೈತ ಎಷ್ಟು ಆತಂಕದಿಂದ ಓದುತ್ತಾನೋ ಹಾಯಿಗಾರರೂ ಅಷ್ಟೇ ಗಮನವಿಟ್ಟು ಓದುತ್ತಾರೆ. ಜೂನ್‌ನಲ್ಲಿ ಗಾಳಿ ಬಂದುಬಿಡುತ್ತದೆ, ನೀರು ಸಾಮಾನ್ಯವಾಗಿ ಇನ್ನೂ ಬಂದಿರುವುದಿಲ್ಲ. ಕೊಡಗಿನಲ್ಲಿ ಮಳೆ ಹಿಡಿದು, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ತುಂಬಿ ಬಂದು ಸೇರುವವರೆಗೆ ಹಿನ್ನೀರಿನ ಅಂಚು ದೂರದಲ್ಲೇ ಇರುತ್ತದೆ. ಒಣಗಿ ಬಿರಿದ ಕೆಸರಿನ ಮೇಲೆ ದೋಣಿಯನ್ನು ನಾಲ್ವರು ಹೊತ್ತು, ಇಲ್ಲವೇ ಎರಡು ಚಕ್ರದ ಟ್ರಾಲಿಯಲ್ಲಿ ಎಳೆದು ನೀರಿಗೆ ಮುಟ್ಟಿಸಬೇಕು. ಗಾಳಿ ಗಟ್ಟಿಯಾಗಿರುವ ಈ ತಿಂಗಳುಗಳು ಪಳಗಿದವರಿಗೆ ಹಬ್ಬ. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಎದ್ದರೆ ಗಾಳಿಯ ವೇಗ 7ರಿಂದ 10 ನಾಟ್. ಹಲವೆಡೆ ನೊರೆ ಕಂಡರೆ 11ರಿಂದ 16. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಹೀಗೆ ಕಣ್ಣಳತೆಯಲ್ಲೇ ಗಾಳಿ ಅಳೆಯುವ ಕ್ರಮಕ್ಕೆ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫರ್ಟ್ 1805ರಲ್ಲಿ ತಳಹದಿ ಹಾಕಿದ. ಇಂದಿಗೂ ಕ್ಲಬ್ಬುಗಳಲ್ಲಿ ಅದೇ ಬಳಕೆಯಲ್ಲಿದೆ. ಹೊಸಬರನ್ನು ಈ ದಿನಗಳಲ್ಲಿ ಮುಂಜಾನೆ, ಗಾಳಿ ಏರುವ ಮುನ್ನ, ನೀರಿಗಿಳಿಸಿ ಹತ್ತು ಗಂಟೆಯೊಳಗೆ ದಡಕ್ಕೆ ಕರೆದುಬಿಡುವುದು ವಿವೇಕ.

ಕಟ್ಟೆ ತುಂಬಿ ಬಾಗಿನ ಅರ್ಪಿಸುವ ದಿನ ಯಾವಾಗ ಬರುತ್ತದೆಂದು ಯಾರೂ ಮುಂಚಿತವಾಗಿ ಹೇಳಲಾರರು. 2024ರಲ್ಲಿ ಜುಲೈ ಕೊನೆಗೆ ಬಂತು. 2025ರಲ್ಲಿ ಜೂನ್ 30ಕ್ಕೇ ಬಂತು; ಅಣೆಕಟ್ಟಿನ ಚರಿತ್ರೆಯಲ್ಲಿ ಜೂನ್‌ನಲ್ಲೇ ಬಾಗಿನ ಅರ್ಪಿಸಿದ್ದು ಅದೇ ಮೊದಲು. 2023ರ ಮುಂಗಾರು ಕೈಕೊಟ್ಟು ಕಟ್ಟೆ ತುಂಬಲೇ ಇಲ್ಲ. ಅದರ ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ನಾವು ಟ್ಯಾಂಕರಿಗೆ ಕಾದದ್ದು ನಮಗೆಲ್ಲ ನೆನಪಿದೆ. ತುಂಬಿದ ವರ್ಷ ನೀರು ಕ್ಲಬ್ಬಿನ ಅಂಗಳದ ಹತ್ತಿರಕ್ಕೇ ಬರುತ್ತದೆ, ಪಂದ್ಯದಲ್ಲಿ ದೋಣಿಗಳು ಸುತ್ತಬೇಕಾದ ತೇಲುವ ಗುರುತುಗಳನ್ನು ದೂರ ದೂರ ಹಾಕಬಹುದು. ಬತ್ತಿದ ವರ್ಷ ಮರದ ಬೊಡ್ಡೆ, ಬಂಡೆ, ಹಳೆಯ ಊರಿನ ಕಲ್ಲುಗಳು ಮೇಲೇಳುತ್ತವೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ಹಿಂದೆಲ್ಲ ಇಂಥ ವರ್ಷಗಳಲ್ಲೇ ನೀರಿನಿಂದ ಹೊರಗೆ ಕಾಣಿಸಿಕೊಳ್ಳುತ್ತಿತ್ತು. ಈಗ ಅದನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಂಡೆಯಲ್ಲಿ ಮರಳಿ ನಿಲ್ಲಿಸಿದ್ದಾರೆ. ನೀರಿನಡಿ ಏನಿದೆಯೆಂದು ತಿಳಿಯದೆ ದೋಣಿ ಓಡಿಸಿದರೆ ಡ್ಯಾಗರ್‌ಬೋರ್ಡು ಮುರಿಯುತ್ತದೆ. ಹಾಗಾಗಿ ಈ ಜಲಾಶಯದಲ್ಲಿ ಹಾಯಿ ಕಲಿಯುವವರು ಅಣೆಕಟ್ಟಿನ ಚರಿತ್ರೆಯನ್ನೂ, ಮುಳುಗಿದ ಊರುಗಳ ಕಥೆಯನ್ನೂ ಕಲಿಯಲೇಬೇಕು.

ದಸರಾ ರಜೆಯ ಹೊತ್ತಿಗೆ ಪಡುವಣ ಗಾಳಿ ಸೋಲುತ್ತದೆ. ಕಟ್ಟೆಯಲ್ಲಿ ನೀರು ಇನ್ನೂ ಹೆಚ್ಚಿರುತ್ತದೆ, ಗಾಳಿ ಮೆದುವಾಗಿರುತ್ತದೆ, ಶಾಲೆಗೆ ರಜೆ: ಮಕ್ಕಳ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆಮೇಲೆ ಹಿಂಗಾರಿನ ಮೂಡಣ ಗಾಳಿ. ಚಳಿಗಾಲದ ಮುಂಜಾನೆ ಕೆಲವೊಮ್ಮೆ ಎಲೆಯೂ ಅಲ್ಲಾಡದು. ಆಗ ಕೆಲಸ ದಡದ ಮೇಲೆ: ಫೈಬರಿನ ಬಿರುಕಿಗೆ ರಾಳ ತುಂಬುವುದು, ಸವೆದ ಹಗ್ಗ ಬದಲಿಸುವುದು, ಹರಿದ ಹಾಯಿಗೆ ತೇಪೆ ಹಾಕುವುದು, ಗಂಟು ಹಾಕಿ ಬಿಚ್ಚಿ ಮತ್ತೆ ಹಾಕುವುದು. ಸೋಲುಗಾಳಿಯಲ್ಲಿ ದೋಣಿ ನಡೆಸುವುದೂ ಒಂದು ವಿದ್ಯೆ. ಮೈ ಅಲುಗಾಡಿಸದೆ ಕೂತು, ಕೆನ್ನೆಗೆ ತಾಕುವ ತಣ್ಪಿನಿಂದ ಗಾಳಿ ಯಾವ ಕಡೆಯಿದೆಯೆಂದು ಗುರುತಿಸಿ, ನೀರಿನ ಮೇಲೆ ಕಪ್ಪಾಗಿ ಸರಿದುಬರುವ ಸಣ್ಣ ಅಲೆಗಳ ಪಟ್ಟಿಯತ್ತ ದೋಣಿ ತಿರುಗಿಸಬೇಕು. ರಭಸದ ಗಾಳಿಗೆ ತೋಳ್ಬಲ ಬೇಕು. ಇದಕ್ಕೆ ಬೇಕಾದದ್ದು ತಾಳ್ಮೆ. ನನ್ನ ಮಟ್ಟಿಗೆ ಒಳ್ಳೆಯ ಹಾಯಿಗಾರರನ್ನು ಗುರುತಿಸುವುದು ಡಿಸೆಂಬರಿನಲ್ಲಿ.

ಏಪ್ರಿಲ್, ಮೇ ತಿಂಗಳು ಬೇಸಿಗೆ ಶಿಬಿರಗಳ ಕಾಲ. ಜನ ಹೆಚ್ಚು, ನೀರು ಕಡಿಮೆ. ಇಲ್ಲಿ ಎಚ್ಚರ ಬೇಕಾದದ್ದು ಸಂಜೆಯ ಗುಡುಗು ಮಳೆಗೆ. ನಾಲ್ಕು ಗಂಟೆಗೆ ನೀರು ಸಪಾಟಾಗಿರುತ್ತದೆ. ಅರ್ಧ ಗಂಟೆಯಲ್ಲಿ ಮೋಡ ಕವಿದು ಬಿರುಗಾಳಿ ನುಗ್ಗುತ್ತದೆ. ಹಾಯಿಕಂಬಗಳು ಅಲ್ಯೂಮಿನಿಯಮ್ಮಿನವು, ವಿಶಾಲ ನೀರಿನ ಮೇಲೆ ಅತ್ಯಂತ ಎತ್ತರದ ವಸ್ತು ಅವೇ. ಮೊದಲ ಗುಡುಗು ಕೇಳಿದರೆ ಪಂದ್ಯ ಮುಗಿದಂತೆ. ಯಾರು ಮುಂದಿದ್ದಾರೆ, ಎಷ್ಟು ಸುತ್ತು ಉಳಿದಿದೆ ಎಂಬ ಮಾತೇ ಇಲ್ಲ.

ಪಂದ್ಯ ಎಂದೆ. ಹಾಯಿಪಂದ್ಯದ ನಿಯಮಗಳು ಈ ಕ್ರೀಡೆಯ ತಿರುಳು. ಇವುಗಳಿಗಾಗಿಯೇ ಮಕ್ಕಳನ್ನು ಕ್ಲಬ್ಬಿಗೆ ಕಳಿಸಬೇಕೆಂದು ನಾನು ಹೇಳುವುದು. ನೀರಿನ ಮೇಲೆ ಎಲ್ಲರೂ ಸಾಲಾಗಿ ನಿಂತು ಶಿಳ್ಳೆ ಊದಿದೊಡನೆ ಓಡಲು ಆಗುವುದಿಲ್ಲ, ದೋಣಿಗೆ ಬ್ರೇಕಿಲ್ಲ. ಅದಕ್ಕೆ ಐದು ನಿಮಿಷದ ಕ್ರಮ. ಐದು ನಿಮಿಷ ಇರುವಾಗ ಒಂದು ಬಾವುಟ ಏರುತ್ತದೆ, ನಾಲ್ಕಕ್ಕೆ ಇನ್ನೊಂದು. ಒಂದು ನಿಮಿಷ ಉಳಿದಾಗ ಎರಡನೆಯದು ಇಳಿಯುತ್ತದೆ, ಸೊನ್ನೆಗೆ ಮೊದಲನೆಯದು. ಆ ಕ್ಷಣಕ್ಕೆ ಸರಿಯಾಗಿ ಗೆರೆ ದಾಟುವಂತೆ ಎಲ್ಲರೂ ಹಿಂದೆ ಮುಂದೆ ಸುಳಿಯುತ್ತಿರಬೇಕು. ಮುಂಚೆ ದಾಟಿದವರು ತಿರುಗಿ ಬಂದು ಮತ್ತೆ ಹೊರಡಬೇಕು. ದೋಣಿಗಳು ಎದುರುಬದುರಾದರೆ ಬಲಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ಹಾದಿಯ ಹಕ್ಕು, ಇನ್ನೊಂದು ಸರಿಯಬೇಕು. ಹೇಳುವುದು ಸುಲಭ, ಮೂವತ್ತು ದೋಣಿಗಳು ಒಂದೇ ಗುರುತನ್ನು ಸುತ್ತುವಾಗ ಪಾಲಿಸುವುದು ಕಷ್ಟ.

ಇಷ್ಟು ದೋಣಿಗಳ ಪಕ್ಕದಲ್ಲಿ ರೆಫರಿ ನಿಂತು ನೋಡಲಾರ. ತಪ್ಪು ಮಾಡಿದ್ದೇನೆಂದು ತಿಳಿದ ಹಾಯಿಗಾರ ತಾನಾಗಿಯೇ ಶಿಕ್ಷೆ ತೆಗೆದುಕೊಳ್ಳಬೇಕೆಂಬುದು ನಿಯಮ. ತೇಲುವ ಗುರುತಿಗೆ ದೋಣಿ ತಾಗಿಸಿದರೆ ಕೂಡಲೇ ಒಂದು ಪೂರ್ಣ ಸುತ್ತು ಹಾಕಬೇಕು. ಹಾದಿಯ ಹಕ್ಕು ಮುರಿದಿದ್ದರೆ ಎರಡು. ಯಾರೂ ನೋಡಿರದಿದ್ದರೂ ಹಾಕಬೇಕು. ಹತ್ತು ವರ್ಷದ ಹುಡುಗಿಯೊಬ್ಬಳು ಮೂರನೆಯ ಸ್ಥಾನದಲ್ಲಿದ್ದು, ತನ್ನ ಹಾಯಿಯ ಅಂಚು ಗುರುತಿಗೆ ಸವರಿದ್ದು ತನಗೊಬ್ಬಳಿಗೇ ಗೊತ್ತಿದ್ದು, ಅಲ್ಲೇ ಒಂದು ಸುತ್ತು ತಿರುಗಿ ಏಳನೆಯವಳಾಗಿ ಮುಂದುವರಿಯುವ ಆಟ ಬೇರೆ ಯಾವುದಿದೆ? ನಮ್ಮ ಶಾಲೆಗಳಲ್ಲಿ ನೀತಿಪಾಠ ಎಂದು ಒಂದು ಪೀರಿಯಡ್ಡು ಇರುತ್ತಿತ್ತು. ಅದರಲ್ಲಿ ಹೇಳಿಕೊಡಲಾಗದ್ದನ್ನು ಈ ಒಂದು ಸುತ್ತು ಕಲಿಸುತ್ತದೆ.

ಎಲ್ಲಕ್ಕೂ ಮೇಲೆ ನಿಯಮ ಪುಸ್ತಕದ ಮೊಟ್ಟಮೊದಲ ನಿಯಮ: ಅಪಾಯದಲ್ಲಿರುವ ಯಾರಿಗೇ ಆಗಲಿ, ಸಾಧ್ಯವಿರುವ ಎಲ್ಲ ನೆರವು ಕೊಡಲೇಬೇಕು. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಬೂಸಾನ್ ಬಳಿಯ ಕಡಲಲ್ಲಿ ಪಂದ್ಯ ನಡೆಯುತ್ತಿತ್ತು. ಕೆನಡಾದ ಲಾರೆನ್ಸ್ ಲೆಮಿಯೊ ಫಿನ್ ಎಂಬ ದೋಣಿಯ ವರ್ಗದಲ್ಲಿ ಎರಡನೆಯ ಸ್ಥಾನದಲ್ಲಿದ್ದ. ಗಾಳಿ ವಿಪರೀತವಾಗಿ ಏರಿತು. ಬೇರೊಂದು ವರ್ಗದಲ್ಲಿ ಸ್ಪರ್ಧಿಸುತ್ತಿದ್ದ ಸಿಂಗಪುರದ ಇಬ್ಬರ ದೋಣಿ ಮಗುಚಿದ್ದನ್ನು ಆತ ಕಂಡ. ಪಂದ್ಯ ಬಿಟ್ಟು ಅತ್ತ ತಿರುಗಿ ಅವರನ್ನು ಮೇಲೆತ್ತಿಕೊಂಡು, ರಕ್ಷಣಾ ದೋಣಿ ಬರುವವರೆಗೆ ಕಾದ. ಅವನು ಗುರಿ ಮುಟ್ಟಿದ್ದು 22ನೆಯವನಾಗಿ. ತೀರ್ಪುಗಾರರು ಆ ಪಂದ್ಯದಲ್ಲಿ ಅವನಿಗೆ ಎರಡನೆಯ ಸ್ಥಾನವನ್ನೇ ಕೊಟ್ಟರು, ಒಲಿಂಪಿಕ್ ಸಮಿತಿ ಪಿಯರ್ ದ ಕೂಬರ್ತ್ಯಾ ಪದಕ ನೀಡಿತು. ಹಾಯಿ ಕಲಿಯುವ ಮಕ್ಕಳಿಗೆ ಈ ಕಥೆ ಹೇಳದ ಕ್ಲಬ್ಬು ಇರಲಾರದು, ಇರಬಾರದು.

ಇದೆಲ್ಲ ಕಡಲಂಚಿನ ಸಿರಿವಂತರ ಆಟ, ನಮ್ಮಂಥ ಒಳನಾಡಿನ ಮಧ್ಯಮವರ್ಗದವರಿಗಲ್ಲ ಎನ್ನುವವರಿಗೆ ನಾನು ಭೋಪಾಲವನ್ನು ತೋರಿಸುತ್ತೇನೆ. ಮಧ್ಯಪ್ರದೇಶಕ್ಕೆ ಕಡಲೇ ಇಲ್ಲ. ಭೋಪಾಲದ ದೊಡ್ಡ ಕೆರೆಯಲ್ಲಿ ನಡೆಯುವ ರಾಷ್ಟ್ರೀಯ ಸೇಲಿಂಗ್ ಶಾಲೆಯಲ್ಲಿ ಕಲಿತ ಹರ್ಷಿತಾ ತೋಮರ್ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದಳು. ಅದೇ ಶಾಲೆಯ ನೇಹಾ ಠಾಕೂರ್, ದೇವಾಸ್ ಜಿಲ್ಲೆಯ ರೈತನ ಮಗಳು, 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಐಎಲ್‌ಸಿಎ 4 ವರ್ಗದ ಬೆಳ್ಳಿ ತಂದಳು. ಒಂದು ಹಳೆಯ ಕೆರೆ, ಸರ್ಕಾರ ಕೊಟ್ಟ ದೋಣಿಗಳು, ಬಿಡದೆ ಕಲಿಸುವ ತರಬೇತುದಾರರು. ಇಷ್ಟರಿಂದ ಇದಾಯಿತು. ಹೈದರಾಬಾದಿನ ಹುಸೇನ್ ಸಾಗರದಲ್ಲಿ, ಊರಿನ ನಟ್ಟನಡುವೆ, ಮುಂಗಾರಿನ ಗಾಳಿಗೇ ಹೊಂದಿಸಿ ಪ್ರತಿವರ್ಷ ಪಂದ್ಯಾವಳಿ ನಡೆಯುತ್ತದೆ. ಅಲ್ಲಿನ ಯಾಟ್ ಕ್ಲಬ್ ಬಡ ಕುಟುಂಬಗಳ ಮಕ್ಕಳನ್ನು ಹುಡುಕಿ ತಂದು ಕಲಿಸಿದೆ. ಟೋಕಿಯೊ ಒಲಿಂಪಿಕ್ಸಿಗೆ ಅರ್ಹತೆ ಗಳಿಸಿದ ಭಾರತದ ಮೊದಲ ಹಾಯಿಗಾರ್ತಿ ಚೆನ್ನೈನ ನೇತ್ರಾ ಕುಮನನ್ ಮೊದಲ ಪಾಠ ಕಲಿತದ್ದು ಬೇಸಿಗೆ ಶಿಬಿರವೊಂದರಲ್ಲಿ. ಅದೇ ಒಲಿಂಪಿಕ್ಸಿನಲ್ಲಿ ವರುಣ್ ಠಕ್ಕರ್ ಜೊತೆಗೂಡಿ 49er ದೋಣಿ ನಡೆಸಿದ ಕೆಲಪಂಡ ಚೆಂಗಪ್ಪ ಗಣಪತಿ ಕೊಡವ ಮನೆತನದ ಹುಡುಗ. ಇಬ್ಬರೂ ಸೇರಿ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದಿದ್ದರು. ಕಾವೇರಿ ಹುಟ್ಟುವ ನಾಡಿನ ಮನೆತನದವನು ಹಾಯಿ ಕಲಿಯಲು ಚೆನ್ನೈನ ಕಡಲು ಬೇಕಾಯಿತು. ಮುಂದಿನವರಿಗೆ ಕಾವೇರಿಯೇ ಸಾಕಾಗಬೇಕು.

ಕರ್ನಾಟಕದಲ್ಲಿ ಇದಕ್ಕೆ ನೆಲೆ ಇಲ್ಲದಿಲ್ಲ. ಸಾಗರ ತಾಲ್ಲೂಕಿನ ಹೊನ್ನೆಮರಡಿನಲ್ಲಿ, ಶರಾವತಿಯ ಹಿನ್ನೀರಿನ ದಂಡೆಯಲ್ಲಿ, ಎಸ್.ಎಲ್.ಎನ್. ಸ್ವಾಮಿ ಮತ್ತು ನೊಮಿಟೊ ಕಾಮ್ದಾರ್ ವರ್ಷಗಟ್ಟಲೆ ಶಿಬಿರ ನಡೆಸಿ ಹರಿಗೋಲು, ಕಯಾಕ್, ವಿಂಡ್‌ಸರ್ಫಿಂಗ್ ಕಲಿಸಿದರು. ಕರ್ನಾಟಕದ ಒಂದು ತಲೆಮಾರಿನ ಯುವಕ ಯುವತಿಯರು ನೀರಿನ ಭಯ ಬಿಟ್ಟದ್ದು ಅಲ್ಲಿ. ರಾಜ್ಯ ಸರ್ಕಾರದ್ದೇ ಆದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ನಮ್ಮಲ್ಲಿ ಜಲಾಶಯಗಳ ಸಾಲೇ ಇದೆ: ಕಬಿನಿ, ಹಾರಂಗಿ, ಹೇಮಾವತಿ, ಭದ್ರಾ, ಲಿಂಗನಮಕ್ಕಿ, ಆಲಮಟ್ಟಿ. ಇವುಗಳಲ್ಲಿ ಎರಡು ಮೂರು ಕಡೆಯಾದರೂ ಭೋಪಾಲದ ಮಾದರಿಯ ಶಾಲೆ ನಡೆಸುವುದು ಸರ್ಕಾರಕ್ಕೆ ಹೊರೆಯಾಗದು.

ಒಂದು ಆಕ್ಷೇಪಣೆಯನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಇದು ಕುಡಿಯುವ ನೀರು, ರೈತರ ನೀರು, ಇದರ ಮೇಲೆ ಆಟ ಆಡಬಹುದೇ? ಹಾಯಿದೋಣಿಗೆ ಎಂಜಿನ್ನಿಲ್ಲ, ಎಣ್ಣೆಯಿಲ್ಲ, ಅದು ನೀರನ್ನು ಖರ್ಚು ಮಾಡುವುದಿಲ್ಲ. ಎಂಜಿನ್ ಇರುವುದು ರಕ್ಷಣಾ ದೋಣಿಗೆ ಮಾತ್ರ. ಅದು ಬೇಕೇ ಬೇಕು, ಆದರೆ ಅದರ ಎಣ್ಣೆ ಸೋರದಂತೆ ನೋಡಿಕೊಳ್ಳುವುದು ಕ್ಲಬ್ಬಿನ ಕರ್ತವ್ಯ. ಅಣೆಕಟ್ಟಿನ ಭದ್ರತೆಯ ಕಾರಣಕ್ಕೆ ಕಟ್ಟೆಯ ಹತ್ತಿರ ಯಾವ ದೋಣಿಯೂ ಸುಳಿಯಬಾರದು, ಅದೂ ಸರಿ. ಇವೆರಡಕ್ಕಿಂತ ಸೂಕ್ಷ್ಮವಾದದ್ದು ಮೀನುಗಾರರ ವಿಷಯ. ಹಿನ್ನೀರಿನಲ್ಲಿ ಬಲೆ ಹಾಕಿ ಬದುಕುವವರಿಗೆ ಅದು ಹೊಟ್ಟೆಪಾಡು. ನೀರಿನಡಿಯ ಡ್ಯಾಗರ್‌ಬೋರ್ಡಿಗೆ ಸಿಕ್ಕಿ ಬಲೆ ಹರಿದರೆ ಅವರ ಒಂದು ವಾರದ ಗಳಿಕೆ ಹೋಯಿತು. ಬಲೆ ಎಲ್ಲಿದೆಯೆಂದು ಬೆಳಿಗ್ಗೆಯೇ ಅವರನ್ನು ಕೇಳಿಕೊಂಡು ಆ ಬಳಿಕ ಪಂದ್ಯದ ಗುರುತು ಹಾಕುವುದು ಸರಿಯಾದ ಕ್ರಮ. ನೀರಿನ ಮೇಲೆ ಅವರ ಹಕ್ಕು ಮೊದಲನೆಯದು.

ಹಾಗೆಯೇ ಕಲಿಯುವ ಹಕ್ಕಿನಲ್ಲಿಯೂ ದಂಡೆಯ ಹಳ್ಳಿಗಳ ಮಕ್ಕಳೇ ಮೊದಲು ಬರಬೇಕು. ಅವರ ಅಜ್ಜ ಮುತ್ತಜ್ಜಂದಿರು ಮನೆ, ಹೊಲ, ದೇವಸ್ಥಾನ ಬಿಟ್ಟುಕೊಟ್ಟದ್ದರಿಂದ ಈ ನೀರು ನಿಂತಿದೆ. ಅದರಿಂದ ಮಂಡ್ಯದ ಗದ್ದೆ ಹಸಿರಾಯಿತು, ಬೆಂಗಳೂರಿನ ನಲ್ಲಿ ತುಂಬಿತು. ವಾರಾಂತ್ಯಕ್ಕೆ ಕಾರಿನಲ್ಲಿ ಬರುವ ನಮ್ಮ ಮಕ್ಕಳು ಹಾಯಿ ಹಿಡಿಯುವಾಗ ಊರಿನ ಮಕ್ಕಳು ದಡದಲ್ಲಿ ನಿಂತು ನೋಡುವಂತಾದರೆ ಅದನ್ನು ಸಮುದಾಯದ ಕ್ಲಬ್ಬು ಎಂದು ಕರೆಯಲಾಗದು. ನೀರಿನ ಗುಣ ಅವರಿಗೆ ಹುಟ್ಟಿನಿಂದ ಗೊತ್ತು. ಅವರಲ್ಲಿ ತರಬೇತುದಾರರು ತಯಾರಾದರೆ ನಮ್ಮ ಮಕ್ಕಳು ಅವರಿಂದ ಕಲಿಯುತ್ತಾರೆ.

ಪಶ್ಚಿಮ ಬೆಂಗಳೂರಿನಲ್ಲಿ ಕೂತು ಏನು ಮಾಡಬಹುದು? ಅರ್ಧದಷ್ಟನ್ನು ಇಲ್ಲೇ ಮಾಡಬಹುದು. ವಿಜಯನಗರದ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಬಹುದು. ಒಂದು ಆಪ್ಟಿಮಿಸ್ಟ್ ತಂದು ಅದೇ ಕೊಳದಲ್ಲಿ ಮಗುಚುವ ಪಾಠ ಮಾಡಬಹುದು. ಹಾಯಿ ಕಲಿಕೆಯಲ್ಲಿ ದೋಣಿ ಮಗುಚುವುದು ಅಪಘಾತವಲ್ಲ, ಮೊದಲ ದಿನದ ಪಾಠ. ಬೇಕೆಂದೇ ಮಗುಚಿಸಿ, ದೋಣಿಯನ್ನು ಬಿಡದೆ ಹಿಡಿದು, ಸುತ್ತಿಬಂದು ಡ್ಯಾಗರ್‌ಬೋರ್ಡಿನ ಮೇಲೆ ಮೈಭಾರ ಹಾಕಿದರೆ ಅದು ತಾನಾಗಿ ಎದ್ದು ನಿಲ್ಲುತ್ತದೆ. ಒಮ್ಮೆ ಇದು ಕೈವಶವಾದ ಮಗುವಿಗೆ ಅರ್ಧ ಭಯ ಹೋಗುತ್ತದೆ. ಗಂಟು ಹಾಕುವುದು, ಗಾಳಿಯ ದಿಕ್ಕು ಗುರುತಿಸುವುದು, ನಿಯಮ ಓದುವುದು: ಇವು ಶಾಲೆಯ ಯಾವುದೇ ಕೊಠಡಿಯಲ್ಲಿ ಆಗುವ ಕೆಲಸ.

ನೀರಿನ ಬಗ್ಗೆ ಈ ಶಿಸ್ತು ನಮಗೆ ತುರ್ತಾಗಿ ಬೇಕಾಗಿದೆ. ಕೆಂಗೇರಿಯಿಂದ ದೊಡ್ಡ ಆಲದ ಮರದ ದಾರಿಯಲ್ಲಿ ಮುಂದೆ ಹೋದರೆ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ ಸಿಗುತ್ತದೆ. ಭಾನುವಾರ ಗೆಳೆಯರೊಂದಿಗೆ ಹೋದ ಹುಡುಗರು ಅಲ್ಲಿ ಮುಳುಗಿದ ಸುದ್ದಿ ಎಷ್ಟು ಸಲ ಓದಿದ್ದೇವೆ. ಇಳಿಯಬೇಡಿ ಎಂಬ ಬೋರ್ಡು ಅಲ್ಲಿದೆ. ಬೋರ್ಡಿನಿಂದ ಮಾತ್ರ ಜೀವ ಉಳಿಯುವುದಿಲ್ಲ ಎಂಬುದನ್ನು ಆ ಮನೆಗಳು ಬಲ್ಲವು. ಲೈಫ್ ಜಾಕೆಟ್ ಇಲ್ಲದೆ ನೀರಿಗೆ ಕಾಲಿಡದ ಅಭ್ಯಾಸ, ಜೊತೆಯವರನ್ನು ಎಣಿಸಿ ಇಳಿಸಿ ಎಣಿಸಿ ಹತ್ತಿಸುವ ಅಭ್ಯಾಸ, ಮೋಡ ನೋಡಿ ಹಿಂತಿರುಗುವ ಅಭ್ಯಾಸ ಎಳೆತನದಲ್ಲೇ ಬಂದರೆ ಎಷ್ಟೋ ತಾಯಂದಿರ ಕಣ್ಣೀರು ತಪ್ಪುತ್ತದೆ.

ಮಗುವನ್ನು ಶಿಬಿರಕ್ಕೆ ಸೇರಿಸುವ ಮುನ್ನ ಹೋಗಿ ಕಣ್ಣಾರೆ ನೋಡಿ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಎಂಜಿನ್ ಚಾಲೂ ಇಟ್ಟ ರಕ್ಷಣಾ ದೋಣಿ ಪಕ್ಕದಲ್ಲಿದೆಯೇ? ಲೈಫ್ ಜಾಕೆಟ್ ಮಗುವಿನ ಅಳತೆಯದೇ, ಹೆಗಲ ಬಳಿ ಹಿಡಿದೆತ್ತಿದರೆ ಕಿವಿಯವರೆಗೆ ಜಾರುತ್ತದೆಯೇ? ಜಾರಿದರೆ ಅದು ದೊಡ್ಡದು, ಬದಲಿಸಲು ಹೇಳಿ. ಮಗುಚುವ ಪಾಠ ಮೊದಲ ದಿನವೇ ಮಾಡುತ್ತಾರೆಯೇ? ಗುಡುಗಿದರೆ ಏನು ಮಾಡುತ್ತೀರಿ ಎಂದು ಕೇಳಿದರೆ ತಡವರಿಸದೆ ಉತ್ತರ ಕೊಡುತ್ತಾರೆಯೇ? ಇವಕ್ಕೆ ಸರಿಯಾದ ಉತ್ತರ ಸಿಕ್ಕರೆ ಮಗುವಿಗೆ ತುಂಬುತೋಳಿನ ಅಂಗಿ, ದಾರ ಕಟ್ಟಿದ ಟೋಪಿ, ಹಿಂದೆ ಪಟ್ಟಿಯಿರುವ ಹಳೆಯ ಸ್ಯಾಂಡಲ್, ಎರಡು ಲೀಟರ್ ಕುಡಿಯುವ ನೀರು, ಬದಲಿ ಬಟ್ಟೆ ಕಟ್ಟಿಕೊಡಿ. ಕನ್ನಡಕವಿದ್ದರೆ ಅದಕ್ಕೂ ಒಂದು ದಾರ ಕಟ್ಟಿ. ಕೆಂಗೇರಿಯಿಂದ ನಸುಕಿನಲ್ಲೇ ಹೊರಟರೆ ಬೆಳಗಿನ ಮೆದು ಗಾಳಿ ಸಿಗುತ್ತದೆ.